ಚರ್ಚ್ ಬಿಟ್ಟರೂ ಕ್ರಿಸ್ತನನ್ನು ಹುಡುಕುವವರು: ಅಮೆರಿಕದ ಇವ್ಯಾಂಜೆಲಿಕಲ್ ಅಸಮಾಧಾನದ ಹಿನ್ನೆಲೆ

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2007ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಅಲ್ಲಿನ ವಯಸ್ಕರ ಪೈಕಿ ನೂರಕ್ಕೆ 78 ಮಂದಿ ತಾವು ಕ್ರೈಸ್ತರೆಂದು ಹೇಳಿಕೊಂಡಿದ್ದರು. 2023-24ರ ಸಮೀಕ್ಷೆಯ ಹೊತ್ತಿಗೆ ಆ ಪ್ರಮಾಣ 62ಕ್ಕೆ ಇಳಿದಿತ್ತು. ಇದೇ ಅವಧಿಯಲ್ಲಿ ಇವ್ಯಾಂಜೆಲಿಕಲ್ ಪ್ರಾಟೆಸ್ಟೆಂಟರ ಪಾಲು ಶೇಕಡ 26ರಿಂದ 23ಕ್ಕೆ ಕುಸಿಯಿತು. ಧರ್ಮದ ಮೇಲಿನ ಆಸಕ್ತಿ ಕಡಿಮೆಯಾದದ್ದಷ್ಟೇ ಇದಕ್ಕೆ ಕಾರಣವೆಂದು ತೀರ್ಮಾನಿಸಿದರೆ ಒಂದು ಮುಖ್ಯ ಸಂಗತಿ ಕಣ್ತಪ್ಪಿಹೋಗುತ್ತದೆ. ಹೀಗೆ ಹೊರಬಂದವರಲ್ಲಿ ಬೈಬಲನ್ನು ಇಂದಿಗೂ ಓದುವವರು, ಪ್ರಾರ್ಥಿಸುವವರು, ಯೇಸುವಿನ ಮಾತುಗಳನ್ನು ಗಂಭೀರವಾಗಿ ತೆಗೆದುಕೊಂಡದ್ದರಿಂದಲೇ ತಮ್ಮ ಸಭೆಯಲ್ಲಿ, ಅಂದರೆ ತಾವು ಸೇರಿದ್ದ ಚರ್ಚಿನಲ್ಲಿ, ಉಳಿಯಲಾಗಲಿಲ್ಲ ಎನ್ನುವವರು ಇದ್ದಾರೆ. ಸಭೆಯೊಳಗೇ ಉಳಿದು ಅದೇ ಬೇಗುದಿಯನ್ನು ಅನುಭವಿಸುತ್ತಿರುವವರೂ ಕಡಿಮೆಯಿಲ್ಲ.

ಈ ಚರ್ಚೆ ಈಗ ಕನ್ನಡ ಓದುಗರನ್ನೂ ತಲುಪುತ್ತಿದೆ. ಅಮೆರಿಕ, ಆಸ್ಟ್ರೇಲಿಯಗಳ ದೊಡ್ಡ ಸಭೆಗಳ ಹಾಡುಗಳೂ ಬೋಧಕರ ಪ್ರಸಂಗಗಳೂ ಬೆಂಗಳೂರು, ಮಂಗಳೂರುಗಳ ವಿಶ್ವಾಸಿಗಳ ಮೊಬೈಲಿನಲ್ಲಿವೆ. ಆ ಸಭೆಗಳ ಸುತ್ತ ಎದ್ದಿರುವ ಪ್ರಶ್ನೆಗಳು ಅವುಗಳ ಹಿಂದೆಯೇ ಬರುತ್ತವೆ. ಆದರೆ ಹಿನ್ನೆಲೆ ತಿಳಿಯದೆ ಕೇಳಿದವರಿಗೆ ಇದು ಭಕ್ತರು ಮತ್ತು ಭಕ್ತಿ ಕಳೆದುಕೊಂಡವರ ನಡುವಿನ ಜಗಳದಂತೆ ಕಾಣಬಹುದು. ಅದು ಹಾಗಲ್ಲ.

ಇವ್ಯಾಂಜೆಲಿಕಲ್ ಎಂದರೆ ಯಾರು?

ಇದು ಒಂದು ಪಂಗಡದ ಹೆಸರಲ್ಲ. ಬ್ಯಾಪ್ಟಿಸ್ಟ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಆಂಗ್ಲಿಕನ್ ಸಭೆಗಳಲ್ಲಿಯೂ ಯಾವ ಪಂಗಡಕ್ಕೂ ಸೇರದ ಸ್ವತಂತ್ರ ಸಭೆಗಳಲ್ಲಿಯೂ ಇವ್ಯಾಂಜೆಲಿಕಲರು ಇದ್ದಾರೆ. ಬ್ರಿಟನ್ನಿನ ಇತಿಹಾಸಕಾರ ಡೇವಿಡ್ ಬೆಬಿಂಗ್ಟನ್ 1989ರಲ್ಲಿ ಇವರನ್ನು ಗುರುತಿಸಲು ನಾಲ್ಕು ಲಕ್ಷಣಗಳನ್ನು ಮುಂದಿಟ್ಟರು, ಅವೇ ಇಂದಿಗೂ ಹೆಚ್ಚು ಬಳಕೆಯಲ್ಲಿವೆ. ಬೈಬಲನ್ನು ಅಂತಿಮ ಪ್ರಮಾಣವಾಗಿ ಒಪ್ಪುವುದು, ಶಿಲುಬೆಯ ಮೇಲೆ ಕ್ರಿಸ್ತನು ಮಾಡಿದ ಬಲಿದಾನವನ್ನೇ ನಂಬಿಕೆಯ ಕೇಂದ್ರವಾಗಿ ಕಾಣುವುದು, ಪ್ರತಿಯೊಬ್ಬರೂ ಸ್ವತಃ ಮನಸ್ಸು ತಿರುಗಿಸಿಕೊಂಡು ಹೊಸ ಬಾಳಿಗೆ ಬರಬೇಕೆನ್ನುವುದು, ಮತ್ತು ಆ ನಂಬಿಕೆ ಸುವಾರ್ತೆಯನ್ನು, ಅಂದರೆ ಯೇಸುವಿನ ಶುಭಸಂದೇಶವನ್ನು, ಸಾರುವುದರಲ್ಲಿಯೂ ಸೇವೆಯಲ್ಲಿಯೂ ಕ್ರಿಯೆಯಾಗಿ ಕಾಣಿಸಿಕೊಳ್ಳಬೇಕೆನ್ನುವುದು. ಮೂರನೆಯದಕ್ಕೆ ಆಧಾರ ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯ. ರಾತ್ರಿಯಲ್ಲಿ ತನ್ನನ್ನು ಕಾಣಲು ಬಂದ ನಿಕೊದೇಮನಿಗೆ, ಹೊಸದಾಗಿ ಹುಟ್ಟದೆ ಯಾರೂ ದೇವರ ರಾಜ್ಯವನ್ನು ಕಾಣಲಾರರು ಎಂದು ಯೇಸು ಹೇಳುವ ಪ್ರಸಂಗ ಅದು.

ಈ ನಾಲ್ಕೂ ನಂಬಿಕೆಗೆ ಸಂಬಂಧಿಸಿದವು. ಆದರೆ ಒಂದು ಸಭೆಗೆ ಸೇರಿದವನಿಗೆ ನಂಬಿಕೆಯ ಜೊತೆಗೆ ಇನ್ನೂ ಬಹಳಷ್ಟು ದೊರೆಯುತ್ತದೆ. ಯಾವ ಹಾಡು ಹಾಡಬೇಕು, ತನ್ನ ನಂಬಿಕೆಯ ಅನುಭವದ ಸಾಕ್ಷಿ ಹೇಳುವಾಗ ಯಾವ ಮಾತು ಬಳಸಬೇಕು, ಯಾವ ಬೋಧಕನ ಪುಸ್ತಕ ಕೊಳ್ಳಬೇಕು, ಮಕ್ಕಳನ್ನು ಯಾವ ಶಿಬಿರಕ್ಕೆ ಕಳುಹಿಸಬೇಕು, ಯಾವ ಪಕ್ಷಕ್ಕೆ ಮತ ಹಾಕಬೇಕು ಎಂಬುದೆಲ್ಲ ಬರೆಯದ ಕಟ್ಟಳೆಯಾಗಿ ಮೈಗೂಡುತ್ತದೆ. ಚರ್ಚ್ ಸಂಸ್ಕೃತಿ ಎನ್ನುವುದು ಇದನ್ನು. ಅಸಮಾಧಾನಗೊಂಡವರಲ್ಲಿ ಅನೇಕರ ಕಷ್ಟವೆಂದರೆ, ಹುಟ್ಟಿದಂದಿನಿಂದ ಇವೆರಡೂ ಹೆಣೆದುಕೊಂಡೇ ಬಂದಿರುವುದರಿಂದ ಯಾವುದು ಸುವಾರ್ತೆ, ಯಾವುದು ಸುತ್ತಲಿನ ಸಮಾಜ ಅಂಟಿಸಿದ್ದು ಎಂದು ಬಿಡಿಸಿ ನೋಡುವುದೇ ಅವರಿಗೆ ದೊಡ್ಡ ಕೆಲಸವಾಗುತ್ತದೆ. ಈ ಬಿಡಿಸಿ ನೋಡುವಿಕೆಗೆ ಅಮೆರಿಕದಲ್ಲಿ ಡಿಕನ್‌ಸ್ಟ್ರಕ್ಷನ್ ಎಂಬ ಹೆಸರು ರೂಢಿಗೆ ಬಂದಿದೆ. ಅದರ ಕೊನೆಯಲ್ಲಿ ಕೆಲವರು ನಂಬಿಕೆಯನ್ನೇ ತೊರೆಯುತ್ತಾರೆ, ಕೆಲವರು ಮತ್ತಷ್ಟು ಗಟ್ಟಿಯಾಗಿ ಹಿಡಿಯುತ್ತಾರೆ.

ಹುಟ್ಟಿದ್ದೇ ಇಂಥ ಅತೃಪ್ತಿಯಿಂದ

ಇಂದಿನ ಅಸಮಾಧಾನವನ್ನು ಇವ್ಯಾಂಜೆಲಿಕಲ್ ಪರಂಪರೆಯ ಮೇಲೆ ಹೊರಗಿನಿಂದ ಬಂದ ದಾಳಿಯೆಂದು ಭಾವಿಸುವವರು ಅದರ ಮೂಲವನ್ನು ಒಮ್ಮೆ ನೋಡಬೇಕು. ಹದಿನೇಳನೆಯ ಶತಮಾನದ ಜರ್ಮನಿಯಲ್ಲಿ, ಮೂವತ್ತು ವರ್ಷಗಳ ಯುದ್ಧ ಮುಗಿದ ನಂತರದ ಕಾಲದಲ್ಲಿ, ಲೂಥರನ್ ಚರ್ಚ್ ಸರ್ಕಾರದ ಅಂಗದಂತಿತ್ತು. ಹುಟ್ಟಿದ ಮಗುವಿಗೆ ದೀಕ್ಷಾಸ್ನಾನವಾಗುತ್ತಿತ್ತು, ಭಾನುವಾರ ಜನ ಬರುತ್ತಿದ್ದರು, ಬೋಧಕರು ಎದುರಾಳಿ ಪಂಡಿತರನ್ನು ಖಂಡಿಸುವ ಪ್ರಸಂಗಗಳನ್ನು ಮಾಡುತ್ತಿದ್ದರು. ಫ್ರಾಂಕ್‌ಫರ್ಟಿನ ಬೋಧಕ ಫಿಲಿಪ್ ಯಾಕೊಬ್ ಸ್ಪೇನರ್ 1670ರಲ್ಲಿ ತನ್ನ ಮನೆಯಲ್ಲಿಯೇ ಸಣ್ಣ ಕೂಟಗಳನ್ನು ಆರಂಭಿಸಿ, ಸಾಮಾನ್ಯ ಜನರು ಕೂಡಿ ಬೈಬಲ್ ಓದಿ ಮಾತನಾಡುವ ಏರ್ಪಾಡು ಮಾಡಿದನು. 1675ರಲ್ಲಿ ಅವನು ಪ್ರಕಟಿಸಿದ ಕಿರುಹೊತ್ತಗೆಯ ತಿರುಳು ಇಷ್ಟೇ: ಕ್ರೈಸ್ತಧರ್ಮವನ್ನು ತಿಳಿದಿದ್ದರೆ ಸಾಲದು, ಅದು ನಡತೆಯಲ್ಲಿರಬೇಕು. ಪಯಟಿಸಂ ಎಂದು ಹೆಸರಾದ ಚಳವಳಿ ಅಲ್ಲಿಂದ ಬೆಳೆಯಿತು.

ಅದರ ಕಿಡಿ ಇಂಗ್ಲೆಂಡಿಗೂ ತಾಗಿತು. ಜಾನ್ ವೆಸ್ಲಿ 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ ಕುಳಿತಿದ್ದಾಗ ತನ್ನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತೆಂದು ದಿನಚರಿಯಲ್ಲಿ ಬರೆದುಕೊಂಡನು. ಆ ಹೊತ್ತಿಗೆ ಅವನು ಹಲವು ವರ್ಷಗಳಿಂದ ಆಂಗ್ಲಿಕನ್ ಪಾದ್ರಿಯಾಗಿದ್ದನೆಂಬುದು ಗಮನಿಸಬೇಕಾದ ಸಂಗತಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವನು ಸಣ್ಣ ಗುಂಪುಗಳಿಗೆ ನಿಯಮ ಬರೆದನು. ಸೇರಬಯಸುವವರನ್ನು, ನಿನ್ನ ತಪ್ಪುಗಳನ್ನು ಇತರರು ನಿನಗೆ ನೇರವಾಗಿ ಹೇಳಬೇಕೆಂಬ ಇಚ್ಛೆ ನಿನಗಿದೆಯೇ ಎಂದು ಕೇಳಲಾಗುತ್ತಿತ್ತು. ಸೇರಿದ ಮೇಲೆ ವಾರವಾರವೂ ಕೇಳುತ್ತಿದ್ದ ಪ್ರಶ್ನೆಗಳು ಇನ್ನೂ ಮೊನಚಾಗಿದ್ದವು. ಕಳೆದ ಸಲ ಸೇರಿದಂದಿನಿಂದ ತಿಳಿದೂ ಮಾಡಿದ ಪಾಪ ಯಾವುದು? ಯಾವ ಪ್ರಲೋಭನೆಗಳು ಎದುರಾದವು? ಅವುಗಳಿಂದ ಹೇಗೆ ಪಾರಾದೆ? ಪಾಪವೋ ಅಲ್ಲವೋ ಎಂದು ಅನುಮಾನವಿರುವ ಯಾವ ಯೋಚನೆ, ಮಾತು, ಕೆಲಸ ನಿನ್ನಲ್ಲಿದೆ?

1742ರಲ್ಲಿ ಬ್ರಿಸ್ಟಲಿನ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಪ್ರತಿ ಸದಸ್ಯನಿಂದಲೂ ವಾರಕ್ಕೊಂದು ಪೆನ್ನಿ ಸಂಗ್ರಹಿಸುವ ಏರ್ಪಾಡಾಯಿತು. ಹನ್ನೆರಡು ಮಂದಿಗೆ ಒಬ್ಬ ಮುಖಂಡ. ಅವನು ಮನೆಮನೆಗೆ ಹೋಗಿ ಕಾಸು ಕೇಳುವಾಗ ಒಂದು ಮನೆಯಲ್ಲಿ ಗಂಡ ಕುಡಿದು ಬಿದ್ದಿರುವುದು, ಇನ್ನೊಂದು ಮನೆಯಲ್ಲಿ ಜಗಳ, ಮತ್ತೊಂದರಲ್ಲಿ ಹಸಿವು ಕಣ್ಣಿಗೆ ಬೀಳತೊಡಗಿತು. ಕಾಸಿನ ವಸೂಲಿಗೆಂದು ಆರಂಭವಾದದ್ದು ಹೀಗೆ ಪರಸ್ಪರರ ಬದುಕನ್ನು ಅರಿಯುವ ಕೂಟವಾಗಿ ಮಾರ್ಪಟ್ಟಿತು, ಮೆಥೊಡಿಸ್ಟ್ ಚಳವಳಿಯ ಬೆನ್ನೆಲುಬೂ ಆಯಿತು. ಇವ್ಯಾಂಜೆಲಿಕಲ್ ಧರ್ಮದ ಮೂಲ ಶಕ್ತಿ ಎಲ್ಲಿತ್ತೆಂದು ತಿಳಿಯಬಯಸುವವರಿಗೆ ಈ ಬ್ರಿಸ್ಟಲ್ ಪ್ರಸಂಗಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣುವುದಿಲ್ಲ.

ಕರ್ನಾಟಕಕ್ಕೂ ಈ ಕಥೆಗೂ ನೇರ ನಂಟಿದೆ. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ನಿಗೆ ಜೀವಾಳವಾಗಿದ್ದದ್ದು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ಪಯಟಿಸ್ಟ್ ಭಕ್ತಿ. 1834ರಲ್ಲಿ ಅದರ ಮಿಶನರಿಗಳು ಮಂಗಳೂರಿಗೆ ಬಂದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಆರಂಭಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ನಿಘಂಟು ಹೊರತಂದ ಫರ್ಡಿನೆಂಡ್ ಕಿಟ್ಟೆಲ್ ಇಬ್ಬರೂ ಆ ಪರಂಪರೆಯವರು. ಕನ್ನಡದ ಹಲವು ಪ್ರಾಟೆಸ್ಟೆಂಟ್ ಮನೆತನಗಳ ನಂಬಿಕೆಯ ಬೇರು, ಹಾಗೆ ನೋಡಿದರೆ, ತೋರಿಕೆಯ ಧರ್ಮದ ವಿರುದ್ಧ ಎದ್ದ ಒಂದು ಪ್ರತಿಭಟನೆಯಲ್ಲಿದೆ.

ಎಣಿಕೆ ಬಂದ ಬಗೆ

ಇಂಥ ಚಳವಳಿ ತಾನೇ ತೋರಿಕೆಯ ಆರೋಪಕ್ಕೆ ಗುರಿಯಾದದ್ದು ಹೇಗೆ? ಒಂದೇ ಹೆಜ್ಜೆಯಲ್ಲಿ ಅಲ್ಲ. ಪ್ರತಿ ಹೆಜ್ಜೆಯ ಹಿಂದೆಯೂ ಹೆಚ್ಚು ಜನರನ್ನು ತಲುಪಬೇಕೆಂಬ ಪ್ರಾಮಾಣಿಕ ಹಂಬಲವಿತ್ತು.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ವಕೀಲಿ ವೃತ್ತಿ ಬಿಟ್ಟು ಬೋಧಕನಾದ ಚಾರ್ಲ್ಸ್ ಫಿನ್ನಿ, ಪಶ್ಚಾತ್ತಾಪಕ್ಕೆ ಸಿದ್ಧರಾದವರು ಎದ್ದು ಬಂದು ಕುಳಿತುಕೊಳ್ಳಲೆಂದು ಮುಂದಿನ ಸಾಲಿನಲ್ಲಿ ಬೆಂಚುಗಳನ್ನು ಮೀಸಲಿಟ್ಟನು. ಜಾಗೃತಿ, ಅಂದರೆ ಜನರು ಗುಂಪುಗುಂಪಾಗಿ ನಂಬಿಕೆಯತ್ತ ತಿರುಗುವುದು, ಪವಾಡವಲ್ಲ, ಸರಿಯಾದ ಸಾಧನಗಳನ್ನು ಸರಿಯಾಗಿ ಬಳಸಿದರೆ ಬರುವ ಫಲ ಎಂದು ಅವನು 1835ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ವಾದಿಸಿದನು. ಅವನಿಗಿಂತ ಹಿಂದಿನವರು ದೇವರ ಕೃಪೆಗಾಗಿ ಕಾಯಬೇಕೆಂದಿದ್ದರು. ಅವನ ನಂತರದವರು ವಿಧಾನವನ್ನು ಹುಡುಕತೊಡಗಿದರು.

ಮುಂದಿನ ತಿರುವು ಹುಟ್ಟಿದ್ದು ಭಾರತದಲ್ಲಿ. ಡೊನಾಲ್ಡ್ ಮೆಕ್‌ಗಾವ್ರನ್ ಈಗಿನ ಮಧ್ಯಪ್ರದೇಶದ ದಮೋಹದಲ್ಲಿ 1897ರಲ್ಲಿ ಮಿಶನರಿ ಮನೆತನದಲ್ಲಿ ಹುಟ್ಟಿ, ತಾವೂ ಮಧ್ಯಭಾರತದಲ್ಲಿ ದಶಕಗಳ ಕಾಲ ದುಡಿದವರು. ಕೆಲವು ಸಭೆಗಳು ಬೆಳೆಯುತ್ತಿರುವಾಗ ಉಳಿದವು ಏಕೆ ನಿಂತಲ್ಲೇ ನಿಂತಿವೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಜನಾಂಗ, ಭಾಷೆ, ವರ್ಗಗಳ ಗಡಿ ದಾಟಬೇಕಾದ ಪ್ರಮೇಯವಿಲ್ಲದಿದ್ದರೆ ಜನರು ಸುಲಭವಾಗಿ ಕ್ರೈಸ್ತರಾಗುತ್ತಾರೆ ಎಂಬ ನಿರ್ಣಯಕ್ಕೆ ಅವರು ಬಂದರು. ಇಲ್ಲಿ ಜಾತಿ ಸಮುದಾಯಗಳು ಒಟ್ಟಾಗಿ ಮತಾಂತರಗೊಂಡದ್ದನ್ನು ಕಂಡು ರೂಪಿಸಿದ ಈ ಸೂತ್ರ, 1965ರಲ್ಲಿ ಅವರು ಕ್ಯಾಲಿಫೋರ್ನಿಯದ ಫುಲ್ಲರ್ ಸೆಮಿನರಿ ಎಂಬ ಧರ್ಮಶಿಕ್ಷಣ ಸಂಸ್ಥೆಯಲ್ಲಿ ಮಿಶನ್ ಶಾಲೆ ಆರಂಭಿಸಿದ ಮೇಲೆ ಅಮೆರಿಕದ ಸಭೆಗಳನ್ನು ಬೆಳೆಸುವ ಶಾಸ್ತ್ರವಾಯಿತು. ಒಂದೇ ಬಗೆಯ ಜನರನ್ನು ಒಟ್ಟುಗೂಡಿಸಿದರೆ ಸಭೆ ಬೇಗ ಬೆಳೆಯುತ್ತದೆಂಬುದು ಲೆಕ್ಕದಲ್ಲಿ ಸರಿಯಿರಬಹುದು. ಆದರೆ ಕ್ರಿಸ್ತನಲ್ಲಿ ಯೆಹೂದ್ಯ, ಗ್ರೀಕ ಎಂಬ ಭೇದವಿಲ್ಲವೆಂದು ಪೌಲನು ಗಲಾತ್ಯದವರಿಗೆ ಬರೆದ ಮಾತಿನ ಜೊತೆ ಅದು ಹೇಗೆ ಹೊಂದುತ್ತದೆಂಬ ಆಕ್ಷೇಪವನ್ನು ಭಾರತದವರೂ ಅಮೆರಿಕದ ಕಪ್ಪು ಕ್ರೈಸ್ತರೂ ಎತ್ತಿದ್ದಾರೆ.

1975ರಲ್ಲಿ ಷಿಕಾಗೊ ಹೊರವಲಯದ ಒಂದು ಚಿತ್ರಮಂದಿರವನ್ನು ಬಾಡಿಗೆಗೆ ಪಡೆದು ಆರಂಭವಾದ ವಿಲ್ಲೊ ಕ್ರೀಕ್ ಸಭೆ ಈ ದಾರಿಯ ಪ್ರಸಿದ್ಧ ಮಾದರಿ. ಅದರ ಬೋಧಕ ಬಿಲ್ ಹೈಬಲ್ಸ್ ಮತ್ತು ಸಂಗಡಿಗರು ಮನೆಮನೆಗೆ ಹೋಗಿ, ಚರ್ಚಿಗೆ ಏಕೆ ಬರುವುದಿಲ್ಲವೆಂದು ಜನರನ್ನೇ ಕೇಳಿದರು. ಬೇಸರ ತರಿಸುತ್ತದೆ, ಬದುಕಿಗೆ ಸಂಬಂಧವಿಲ್ಲ, ಸದಾ ಹಣ ಕೇಳುತ್ತಾರೆ ಎಂಬಂಥ ಉತ್ತರಗಳು ಬಂದವು. ಆ ದೂರುಗಳಿಗೆ ಅವಕಾಶವೇ ಇಲ್ಲದಂತೆ ಭಾನುವಾರದ ಆರಾಧನೆಯನ್ನು ರೂಪಿಸಲಾಯಿತು. 2004ರಲ್ಲಿ ಆ ಸಭೆ 7,000ಕ್ಕೂ ಹೆಚ್ಚು ಆಸನಗಳ ಸಭಾಂಗಣ ಕಟ್ಟಿತು. ವಾರಕ್ಕೆ 2,000 ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವ ಪ್ರಾಟೆಸ್ಟೆಂಟ್ ಸಭೆಯನ್ನು ಸಂಶೋಧಕರು ಮೆಗಾಚರ್ಚ್ ಎನ್ನುತ್ತಾರೆ.

ಇಂಥ ಸಭೆಯ ಒಂದು ಭಾನುವಾರವನ್ನು ಹತ್ತಿರದಿಂದ ನೋಡಿದರೆ ಆಕರ್ಷಣೆಯೂ ಅಸಮಾಧಾನವೂ ಒಟ್ಟಿಗೇ ಅರ್ಥವಾಗುತ್ತವೆ. ವಾಹನ ನಿಲ್ಲಿಸುವಲ್ಲಿಯೇ ಸ್ವಯಂಸೇವಕರು ನಗುತ್ತಾ ಸ್ವಾಗತಿಸುತ್ತಾರೆ, ಒಳಗೆ ಕಾಫಿ ಸಿಗುತ್ತದೆ, ಮಕ್ಕಳಿಗೆ ಬೇರೆಯೇ ಕೋಣೆ. ಪರದೆಯ ಮೇಲೆ ಸೆಕೆಂಡುಗಳು ಇಳಿಯುತ್ತಾ ಬಂದು ಸೊನ್ನೆಯಾದಾಗ ದೀಪ ಮಂಕಾಗಿ ವೇದಿಕೆ ಬೆಳಗುತ್ತದೆ. ಗಿಟಾರು, ಡ್ರಮ್ಮುಗಳೊಂದಿಗೆ ಹಾಡುಗಳಾದ ಮೇಲೆ ದಾಂಪತ್ಯ, ಚಿಂತೆ, ಹಣಕಾಸಿನಂಥ ವಿಷಯದ ಮೇಲೆ ಪ್ರಸಂಗ. ಕಾಣಿಕೆಯನ್ನು ಮೊಬೈಲಿನಲ್ಲಿಯೇ ಕೊಡಬಹುದು. ಒಂದೂಕಾಲು ಗಂಟೆಯೊಳಗೆ ಎಲ್ಲವೂ ಮುಗಿದು ಮುಂದಿನ ಆರಾಧನೆಯವರು ಬರತೊಡಗುತ್ತಾರೆ. ಒಂಟಿತನದಿಂದ ಬಳಲಿದ ಎಷ್ಟೋ ಜನರಿಗೆ ಇದು ನಿಜವಾಗಿಯೂ ಆಸರೆಯಾಗಿದೆ. ಆದರೆ ವರ್ಷಗಟ್ಟಲೆ ಬಂದರೂ ಪಕ್ಕದಲ್ಲಿ ಕುಳಿತವರ ಹೆಸರು ತಿಳಿಯದೆ ಹೋಗುವುದು ಇಲ್ಲಿ ಸಾಧ್ಯ. ವೆಸ್ಲಿಯ ನಾಲ್ಕು ಪ್ರಶ್ನೆಗಳನ್ನು ಕೇಳುವವರು ಇಲ್ಲಿ ಯಾರು?

ಈ ಪ್ರಶ್ನೆಯನ್ನು ವಿಲ್ಲೊ ಕ್ರೀಕ್ ಸಭೆಯೇ ಒಂದು ರೀತಿಯಲ್ಲಿ ಕೇಳಿಕೊಂಡಿತೆಂಬುದು ಅದರ ಹಿರಿಮೆ. ತನ್ನ ಸದಸ್ಯರನ್ನೂ ಇತರ ಕೆಲವು ಸಭೆಗಳ ಸದಸ್ಯರನ್ನೂ ಸಮೀಕ್ಷೆ ಮಾಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಚರ್ಚಿನ ಕಾರ್ಯಕ್ರಮಗಳಲ್ಲಿ ಹೆಚ್ಚು ಭಾಗವಹಿಸಿದ ಮಾತ್ರಕ್ಕೆ ದೇವರ ಮೇಲಿನ ಮತ್ತು ನೆರೆಯವರ ಮೇಲಿನ ಪ್ರೀತಿ ಹೆಚ್ಚಿದ್ದು ಕಂಡುಬರಲಿಲ್ಲ. ಹೆಚ್ಚು ಬದ್ಧತೆಯುಳ್ಳವರಲ್ಲಿಯೇ ಗಣನೀಯ ಸಂಖ್ಯೆಯವರು ಅತೃಪ್ತರಾಗಿದ್ದು, ಸಭೆ ಬಿಡುವ ಯೋಚನೆಯಲ್ಲಿದ್ದರು. ರಾಗಿಯ ಪೈರು ಸೊಂಪಾಗಿ ಬೆಳೆದದ್ದನ್ನು ಅಳೆದು ಹಿಗ್ಗಿದವನು ತೆನೆ ಬಿಡಿಸಿ ನೋಡಿದಾಗ ಜೊಳ್ಳು ಕಂಡಂತಾಯಿತು.

ಗಾಯಗಳು ಮತ್ತು ರಾಜಕೀಯ

ಬೇಸರ ಬರೀ ಆರಾಧನೆಯ ಶೈಲಿಯದಾಗಿದ್ದರೆ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಅಮೆರಿಕದ ಅತಿ ದೊಡ್ಡ ಪ್ರಾಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟದ ಬಗ್ಗೆ 2022ರ ಮೇ ತಿಂಗಳಲ್ಲಿ ಸ್ವತಂತ್ರ ತನಿಖಾ ವರದಿ ಪ್ರಕಟವಾಯಿತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಮೊರೆಯಿಟ್ಟರೂ ಕೆಲವು ಪ್ರಮುಖ ನಾಯಕರು ಸುಮಾರು ಎರಡು ದಶಕಗಳ ಕಾಲ ಕಿವಿಗೊಡಲಿಲ್ಲವೆಂದೂ, ಆರೋಪಿತರ ಪಟ್ಟಿಯೊಂದನ್ನು ಒಳಗೊಳಗೇ ಇಟ್ಟುಕೊಂಡಿದ್ದರೆಂದೂ ಅದು ತಿಳಿಸಿತು. ಆ ಪಟ್ಟಿಯಲ್ಲಿ 700ಕ್ಕೂ ಹೆಚ್ಚು ಹೆಸರುಗಳಿದ್ದವು. ಹೀಗೆ ನೊಂದವರ ಪಾಲಿಗೆ ಸಭೆಯಿಂದ ದೂರ ಸರಿಯುವುದು ನಂಬಿಕೆಯ ಕೊರತೆಯಲ್ಲ. ಅವರಿಗೆ ನಂಬಿಕೆಯ ಪಾಠ ಹೇಳುವ ಮೊದಲು ಅವರ ಮಾತು ಕೇಳುವುದು ಸಭೆಯ ಸಾಲ.

ಬೋಧಕನೊಬ್ಬನ ವ್ಯಕ್ತಿತ್ವದ ಸುತ್ತ ಕಟ್ಟಿದ ಸಭೆ ಅವನೊಂದಿಗೇ ಕುಸಿಯುತ್ತದೆ ಎಂಬುದಕ್ಕೆ ಸಿಯಾಟಲಿನ ಮಾರ್ಸ್ ಹಿಲ್ ಸಾಕ್ಷಿ. 1996ರಲ್ಲಿ ಆರಂಭವಾಗಿ ಹಲವು ಶಾಖೆಗಳಾಗಿ ಬೆಳೆದಿದ್ದ ಆ ಸಭೆ, ಮುಖ್ಯ ಬೋಧಕರು ತಮ್ಮ ದರ್ಪದ ನಾಯಕತ್ವದ ಕುರಿತ ದೂರುಗಳ ನಡುವೆ 2014ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟ ಕೆಲವೇ ತಿಂಗಳಲ್ಲಿ ವಿಸರ್ಜನೆಗೊಂಡಿತು.

ಮೂರನೆಯದು ರಾಜಕೀಯ. 1979ರಲ್ಲಿ ಮಾರಲ್ ಮೆಜಾರಿಟಿ ಎಂಬ ಸಂಪ್ರದಾಯವಾದಿ ಕ್ರೈಸ್ತ ರಾಜಕೀಯ ಸಂಘಟನೆ ಹುಟ್ಟಿದ ಮೇಲೆ ಬಿಳಿಯ ಇವ್ಯಾಂಜೆಲಿಕಲರು ರಿಪಬ್ಲಿಕನ್ ಪಕ್ಷದ ಗಟ್ಟಿ ನೆಲೆಯಾದರು. 2016ರ ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಅವರಲ್ಲಿ ಶೇಕಡ 81ರಷ್ಟು ಜನ ಡೊನಾಲ್ಡ್ ಟ್ರಂಪರಿಗೆ ಮತ ನೀಡಿದ್ದರು. ಬೆಬಿಂಗ್ಟನ್ ಹೇಳಿದ ನಾಲ್ಕು ಲಕ್ಷಣಗಳನ್ನೂ ಹೊಂದಿರುವ ಕಪ್ಪು ಪ್ರಾಟೆಸ್ಟೆಂಟರಲ್ಲಿ ಬಹುಪಾಲು ಜನ ಮತ ಹಾಕುವುದು ಇನ್ನೊಂದು ಪಕ್ಷಕ್ಕೆ. ಒಂದೇ ನಂಬಿಕೆಯಿಂದ ಎರಡು ರಾಜಕೀಯ ನಿಲುವು ಹುಟ್ಟುವುದಾದರೆ, ಸಭೆಯಲ್ಲಿ ಸುವಾರ್ತೆಯೆಂದು ಕಲಿಸಿದ್ದರಲ್ಲಿ ರಾಜಕೀಯದ ಪಾಲು ಎಷ್ಟು ಎಂಬ ಪ್ರಶ್ನೆ ಯುವಜನರಲ್ಲಿ ಏಳುವುದು ಸಹಜ.

ನಿಜವಾದುದನ್ನು ಗುರುತಿಸುವುದು ಹೇಗೆ?

ಎಲ್ಲವನ್ನೂ ಬಿಡಿಸಿಟ್ಟ ಮೇಲೆ ಉಳಿಯುವ ಪ್ರಶ್ನೆ ಇದು. ಈ ಪರಂಪರೆಯೊಳಗೇ ಇದಕ್ಕೊಂದು ಆಳವಾದ ಉತ್ತರವಿದೆ. ಮ್ಯಾಸಚೂಸೆಟ್ಸಿನ ನಾರ್ತಾಂಪ್ಟನ್ ಸಭೆಯ ಬೋಧಕ ಜೊನಾಥನ್ ಎಡ್ವರ್ಡ್ಸ್, ತನ್ನ ಕಣ್ಣೆದುರೇ ದೊಡ್ಡ ಜಾಗೃತಿಯೊಂದು ಭುಗಿಲೆದ್ದು ಆರಿದ್ದನ್ನು ಕಂಡವನು. ಅತ್ತವರು, ನಡುಗಿದವರು, ಬಿದ್ದು ಹೊರಳಿದವರು ಕೆಲವೇ ವರ್ಷಗಳಲ್ಲಿ ಹಳೆಯ ದಾರಿ ಹಿಡಿದದ್ದೇಕೆಂದು ಯೋಚಿಸಿ ಅವನು 1746ರಲ್ಲಿ ಧಾರ್ಮಿಕ ಭಾವಗಳ ಕುರಿತ ಒಂದು ಗ್ರಂಥ ಬರೆದನು. ಭಾವನೆ ತೀವ್ರವಾಗಿರುವುದು, ಮೈ ಕಂಪಿಸುವುದು, ದೇವರ ಬಗ್ಗೆ ಎಡೆಬಿಡದೆ ಮಾತನಾಡುವುದು, ಬೈಬಲ್ ವಚನಗಳು ತಾವಾಗಿಯೇ ನೆನಪಿಗೆ ಬರುವುದು, ಆರಾಧನೆಯಲ್ಲಿ ಹೆಚ್ಚು ಹೊತ್ತು ಕಳೆಯುವುದು ಇವುಗಳಲ್ಲಿ ಯಾವುದೂ ನಂಬಿಕೆ ನಿಜವೆಂದು ಸಾಧಿಸುವುದಿಲ್ಲ, ಸುಳ್ಳೆಂದೂ ಸಾಧಿಸುವುದಿಲ್ಲ ಎಂದನು. ಅವನು ಕೊಟ್ಟ ಹನ್ನೆರಡು ಗುರುತುಗಳಲ್ಲಿ ಕೊನೆಯದೂ ಪ್ರಮುಖವಾದದ್ದೂ ಬಾಳಿನಲ್ಲಿ ಕಾಣುವ ನಡತೆ. ಅದೂ ಒಂದು ದಿನದ್ದಲ್ಲ, ಕಷ್ಟದಲ್ಲಿಯೂ ಕೊನೆಯವರೆಗೂ ಉಳಿಯುವಂಥದ್ದು.

ಆದರೆ ಈ ಅಳತೆಗೋಲನ್ನು ಕೊಟ್ಟ ಎಡ್ವರ್ಡ್ಸನೇ ಗುಲಾಮರನ್ನು ಕೊಂಡು ಮನೆಯಲ್ಲಿಟ್ಟುಕೊಂಡಿದ್ದನು. ಅದನ್ನು ಮುಚ್ಚಿಟ್ಟು ಅವನ ಮಾತನ್ನು ಮಾತ್ರ ಉದ್ಧರಿಸುವುದು ಪ್ರಾಮಾಣಿಕವಾಗುವುದಿಲ್ಲ. ಅದೇ ಅಳತೆಗೋಲು ಸುಮಾರು ನೂರು ವರ್ಷಗಳ ಬಳಿಕ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ಅವರ ಕೈಯಲ್ಲಿ ನ್ಯಾಯವಾಗಿ ಬಳಕೆಯಾಯಿತು. 1845ರ ಆತ್ಮಕಥೆಯ ಅನುಬಂಧದಲ್ಲಿ ಅವರು, ಈ ನಾಡಿನ ಕ್ರೈಸ್ತಧರ್ಮಕ್ಕೂ ಕ್ರಿಸ್ತನ ಕ್ರೈಸ್ತಧರ್ಮಕ್ಕೂ ಅಜಗಜಾಂತರವಿದೆ, ಒಂದನ್ನು ಪ್ರೀತಿಸುವವನು ಇನ್ನೊಂದನ್ನು ದ್ವೇಷಿಸಲೇಬೇಕು ಎಂಬರ್ಥದಲ್ಲಿ ಬರೆದರು. ವಾರವಿಡೀ ಚಾಟಿ ಬೀಸಿದವನೇ ಭಾನುವಾರ ಯೇಸುವಿನ ದೀನತೆಯನ್ನು ಬೋಧಿಸುತ್ತಿದ್ದುದನ್ನು ಕಂಡವರ ಮಾತು ಅದು. ಚರ್ಚನ್ನು ಟೀಕಿಸುವುದೆಂದರೆ ಕ್ರಿಸ್ತನನ್ನು ಬಿಟ್ಟುಕೊಡುವುದಲ್ಲವೆಂದು ಇಂದು ವಾದಿಸುವವರು ಅರಿತೋ ಅರಿಯದೆಯೋ ಡಗ್ಲಸ್ ಅವರ ಹಾದಿಯಲ್ಲಿದ್ದಾರೆ.

ಹುಡುಕುವವರು ಎಲ್ಲಿಗೆ ಹೋಗುತ್ತಿದ್ದಾರೆ?

ಕೆಲವರು ಹಳೆಯದಕ್ಕೆ ಮರಳುತ್ತಾರೆ. 1987ರಲ್ಲಿ ಇವ್ಯಾಂಜೆಲಿಕಲ್ ಹಿನ್ನೆಲೆಯ ಸುಮಾರು 2,000 ಮಂದಿ ಪೀಟರ್ ಗಿಲ್‌ಕ್ವಿಸ್ಟ್ ಮುಂದಾಳುತನದಲ್ಲಿ ಒಟ್ಟಾಗಿ ಆಂಟಿಯೋಕ್ಯದ ಆರ್ಥೊಡಾಕ್ಸ್ ಸಭೆಯನ್ನು ಸೇರಿದರು. ಆಂಗ್ಲಿಕನ್ ಮತ್ತು ಕ್ಯಾಥೊಲಿಕ್ ಸಭೆಗಳಿಗೆ ಹೋದವರೂ ಇದ್ದಾರೆ. ಬೋಧಕನ ವ್ಯಕ್ತಿತ್ವವನ್ನು ಅವಲಂಬಿಸದ, ಶತಮಾನಗಳಿಂದ ಒಂದೇ ಕ್ರಮದಲ್ಲಿ ಬಂದ ಪ್ರಾರ್ಥನೆ ಮತ್ತು ಪವಿತ್ರ ಭೋಜನದಲ್ಲಿ ಇವರು ನೆಮ್ಮದಿ ಕಾಣುತ್ತಾರೆ. ಇನ್ನು ಕೆಲವರದು ಮನೆಸಭೆಯ ದಾರಿ. ಕ್ಯಾಲಿಫೋರ್ನಿಯದಲ್ಲಿ ತಾವೇ ಕಟ್ಟಿ ಬೆಳೆಸಿದ ದೊಡ್ಡ ಸಭೆಯನ್ನು 2010ರಲ್ಲಿ ಬಿಟ್ಟ ಫ್ರಾನ್ಸಿಸ್ ಚಾನ್, ಮುಂದೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮನೆಗಳಲ್ಲಿ ಸೇರುವ ಸಣ್ಣ ಸಭೆಗಳನ್ನು ಆರಂಭಿಸಿದರು. ಫಿಲಡೆಲ್ಫಿಯದ ಬಡ ಕೇರಿಯೊಂದರಲ್ಲಿ 1990ರ ದಶಕದ ಕೊನೆಯಲ್ಲಿ ನೆಲೆಯೂರಿದ ಸಿಂಪಲ್ ವೇ ಸಮುದಾಯದವರು ನೆರೆಯವರೊಂದಿಗೆ ಬದುಕು ಹಂಚಿಕೊಳ್ಳುವುದನ್ನೇ ಆರಾಧನೆಯೆಂದು ತಿಳಿದವರು.

ಪ್ರತಿ ದಾರಿಗೂ ಅದರದೇ ಅಪಾಯವಿದೆ. ಪ್ರಾಚೀನ ವಿಧಿಯೂ ಬಾಯಿಪಾಠವಾಗಬಹುದು. ಸ್ಪೇನರ್ ಎದುರಿಸಿದ್ದು ಅದನ್ನೇ. ಹತ್ತು ಜನರ ಮನೆಸಭೆಯಲ್ಲಿ ಲೆಕ್ಕಪತ್ರ ಕೇಳುವವರಾಗಲಿ, ಮುಖಂಡನು ತಪ್ಪಿದಾಗ ದೂರು ಕೊಡಲು ಮೇಲಿನವರಾಗಲಿ ಇರುವುದಿಲ್ಲ. ಸಣ್ಣದಾದ ಮಾತ್ರಕ್ಕೆ ಅಧಿಕಾರದ ದುರುಪಯೋಗ ತಪ್ಪುತ್ತದೆಂಬ ಭರವಸೆಗೆ ಇತಿಹಾಸದಲ್ಲಿ ಆಧಾರವಿಲ್ಲ.

ಸಭೆಯೊಳಗೇ ಉಳಿದವರಿಗೆ ಆಸೆ ಹುಟ್ಟಿಸಿದ ಒಂದು ಘಟನೆ 2023ರ ಫೆಬ್ರವರಿ 8ರಂದು ಕೆಂಟಕಿಯ ವಿಲ್ಮೋರ್ ಎಂಬ ಪುಟ್ಟ ಊರಿನ ಆಸ್ಬರಿ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಬುಧವಾರದ ವಾಡಿಕೆಯ ಪ್ರಾರ್ಥನೆ ಮುಗಿದ ಮೇಲೆ ಕೆಲವು ವಿದ್ಯಾರ್ಥಿಗಳು ಎದ್ದು ಹೋಗದೆ ಅಲ್ಲಿಯೇ ಉಳಿದರು. ಹಾಡು, ಪಾಪನಿವೇದನೆ, ಸಾಕ್ಷಿಗಳು ಎರಡು ವಾರಗಳಿಗೂ ಹೆಚ್ಚು ಕಾಲ ಮುಂದುವರಿದು, ಹತ್ತಾರು ಸಾವಿರ ಜನ ದೂರದೂರದಿಂದ ಬಂದರು. ಹೆಸರಾಂತ ಬೋಧಕರಿಗೆ ವೇದಿಕೆ ಕೊಡದಿರಲು ಅಲ್ಲಿನವರು ನಿರ್ಧರಿಸಿದ್ದರು. ಬಣ್ಣದ ದೀಪಗಳಿರಲಿಲ್ಲ, ಹಳೆಯ ಮರದ ಕುರ್ಚಿಗಳ ಸಭಾಂಗಣದಲ್ಲಿ ವಿದ್ಯಾರ್ಥಿಗಳೇ ಹಾಡು ನಡೆಸಿದರು. ಎಡ್ವರ್ಡ್ಸನ ಮಾನದಂಡದ ಪ್ರಕಾರ ಅದರ ಬೆಲೆ ಗೊತ್ತಾಗಬೇಕಾದದ್ದು ಅಲ್ಲಿ ಸುರಿದ ಕಣ್ಣೀರಿನಿಂದಲ್ಲ, ಆ ಯುವಜನರ ಮುಂದಿನ ಬಾಳಿನಿಂದ.

ಕರ್ನಾಟಕದಲ್ಲಿ ಸ್ಥಿತಿ ಬೇರೆ

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇಕಡ 1.87 ಮಾತ್ರ, ಅವರಲ್ಲಿಯೂ ಕ್ಯಾಥೊಲಿಕರೇ ದೊಡ್ಡ ಸಮುದಾಯ. ಅಮೆರಿಕದಂತೆ ಇಲ್ಲಿ ಚರ್ಚಿಗೆ ರಾಜಕೀಯ ಬಲವಿಲ್ಲ. ಇಲ್ಲಿ ಯುವಜನರು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಂಥ ಹಳೆಯ ಸಭೆಗಳಿಂದ ಹಾಡು ಮತ್ತು ಉತ್ಸಾಹವನ್ನು ಅರಸಿ ಸ್ವತಂತ್ರ ಸಭೆಗಳಿಗೆ ಹೋಗುವುದನ್ನೂ ಕಾಣುತ್ತೇವೆ. ಅಮೆರಿಕದವರು ಬಿಟ್ಟು ಬರುತ್ತಿರುವ ಬಾಗಿಲಿನಿಂದಲೇ ಇವರು ಒಳಗೆ ಹೋಗುತ್ತಿದ್ದಾರೆ. ಅಲ್ಲಿನ ಟೀಕೆಯನ್ನು ಹಾಗೆಯೇ ತಂದು ಇಲ್ಲಿನ ಸಭೆಗಳ ಮೇಲೆ ಹೊರಿಸುವುದು ಆದ್ದರಿಂದ ಸರಿಯಾಗದು.

ಇಲ್ಲಿನವರಿಗೆ ಇನ್ನೊಂದು ತೊಡಕೂ ಇದೆ. ಸಂಖ್ಯೆಯಲ್ಲಿ ಸಣ್ಣದಾದ, ಹೊರಗಿನ ಒತ್ತಡವನ್ನು ಎದುರಿಸುತ್ತಿರುವ ಸಮುದಾಯದಲ್ಲಿ ಒಳಗಿನ ತಪ್ಪನ್ನು ಎತ್ತಿ ಹೇಳಿದವರು ವೈರಿಗಳಿಗೆ ಅಸ್ತ್ರ ಕೊಟ್ಟರೆಂಬ ಮಾತು ಬೇಗ ಬರುತ್ತದೆ. ಕಾಣಿಕೆಯ ಲೆಕ್ಕ, ಸಭೆಯೊಳಗಿನ ಜಾತಿ, ಕಾಯಿಲೆ ವಾಸಿಯಾಗದಿದ್ದರೆ ನಂಬಿಕೆ ಸಾಲದೆಂದು ರೋಗಿಯ ಮೇಲೆ ಹೊರಿಸುವ ಬೋಧನೆ, ಇವುಗಳ ಬಗ್ಗೆ ಕೇಳಬೇಕೆಂದಿರುವವರು ಹೆಚ್ಚಾಗಿ ಸುಮ್ಮನಾಗುವುದು ಇದೇ ಕಾರಣಕ್ಕೆ. ಅವರ ಬೆಂಬಲಕ್ಕೆ ಅಮೆರಿಕದ ಚರ್ಚೆಯೇ ಬೇಕೆಂದಿಲ್ಲ. ಇಸ್ರಾಯೇಲಿನ ಹಬ್ಬಗಳನ್ನೂ ಹಾಡುಗಳ ಗದ್ದಲವನ್ನೂ ದೇವರು ಒಲ್ಲೆನೆಂದು, ನ್ಯಾಯವು ಹೊಳೆಯಂತೆ ಹರಿಯಬೇಕೆಂದು ಕೇಳಿದ ಆಮೋಸನ ಮಾತುಗಳು ಅವರ ಮನೆಯ ಸತ್ಯವೇದದಲ್ಲಿ (ಬೈಬಲಿನಲ್ಲಿ), ಆ ಪ್ರವಾದಿಯ ಐದನೆಯ ಅಧ್ಯಾಯದಲ್ಲಿವೆ.